ಎರಡು ಮೊನೆಯ ಆಯುಧ ಮತ್ತು ಒಂದು ಎಡಗಿವಿ

ದೂರಿನ ಪ್ರಕಾರ, ರಸ್ತೆಬದಿಯ ಒತ್ತುವರಿ ತೆರವಿಗೆ ಬಂದ ಅಧಿಕಾರಿಯ ಮೇಲೆ ನಾನು ‘ಎರಡು ಮೊನೆಯ ಕಬ್ಬಿಣದ ಆಯುಧ’ದಿಂದ ಹಲ್ಲೆ ನಡೆಸಿದೆ. ಠಾಣೆಯ ಬೆಂಚಿನ ಮೇಲೆ ಕುಳಿತು ಆ ವಾಕ್ಯವನ್ನು ಓದಿದಾಗ ಸಿಟ್ಟಿಗಿಂತ ಮೊದಲು ನನ್ನಲ್ಲಿ ಎದ್ದದ್ದು ತಿದ್ದುವ ಚಪಲ. ಅದು ಕಬ್ಬಿಣವಲ್ಲ, ಉಕ್ಕು. ಅದಕ್ಕೆ ಮೊನೆಯಿಲ್ಲ, ಎರಡು ಕವಲುಗಳಿವೆ, ಎರಡರ ತುದಿಯೂ ಮೊಂಡು. ಅದರ ಹೆಸರು ಶ್ರುತಿಕವೆ. ಮಂಡಿಗೆ ತಟ್ಟಿ ಹಿಡಿದರೆ ಒಂದೇ ಒಂದು ಸ್ವರವನ್ನು ತಪ್ಪದೆ ನುಡಿಯುತ್ತದೆ. ಆ ಸ್ವರಕ್ಕೆ ಹೊಂದಿಸಿಕೊಂಡು ನಾನು ಹಾರ್ಮೋನಿಯಂ ಪೆಟ್ಟಿಗೆಗಳನ್ನು ರಿಪೇರಿ ಮಾಡುತ್ತೇನೆ. ಅದಕ್ಕಿಂತ ದೊಡ್ಡ ಅಪರಾಧ ಆ ಉಪಕರಣದಿಂದ ಸಾಧ್ಯವಿಲ್ಲ.

ಆದರೂ ದೂರು ಪೂರ್ತಿ ಕಟ್ಟುಕತೆಯೆಂದು ನಾನು ಹೇಳಲಾರೆ. ಬೇರೆಯವರ ಮಾತನ್ನು ಪರೀಕ್ಷಿಸದೆ ನಂಬಬಾರದೆಂದು ಹಟ ಹಿಡಿದವನು ತನ್ನ ಮಾತನ್ನೂ ಪರೀಕ್ಷೆಗೆ ಒಡ್ಡಬೇಕಾಗುತ್ತದೆ. ನಡೆದದ್ದು ಹೀಗೆ.

ಕುಂಬಾರಕೊಪ್ಪಲಿನ ರಸ್ತೆಯಂಚಿನಲ್ಲಿ ನನ್ನ ತಗಡಿನ ಮಳಿಗೆಯಿತ್ತು. ಅದರ ಪಕ್ಕಕ್ಕೆ ಅಂಟಿಕೊಂಡಂತೆ ಬೈಕು ಸ್ಕೂಟರುಗಳ ಗ್ಯಾರೇಜು. ಅದರ ಮೆಕ್ಯಾನಿಕ್ ಉದಯಗಿರಿಯಿಂದ ಬರುತ್ತಿದ್ದ, ನಲವತ್ತರ ಆಸುಪಾಸಿನ ಮನುಷ್ಯ. ತೆರವಿನ ಲಾರಿ ಬಂದು ನಿಂತಾಗ ಅವನು ಜಾಣನಂತೆ ಗಾಡಿಗಳನ್ನು ಬೇರೆಡೆಗೆ ತಳ್ಳತೊಡಗಿದ. ನಾನು ಕುಳಿತ ಸ್ಟೂಲಿನಿಂದ ಏಳಲಿಲ್ಲ. ಚರ್ಚಿನ ಗಾಯನವೃಂದದ ಪೆಟ್ಟಿಗೆಯೊಂದನ್ನು ಬಿಚ್ಚಿ, ಅದರ ಹಿತ್ತಾಳೆಯ ರೀಡುಗಳನ್ನೆಲ್ಲ ತೊಡೆಯ ಮೇಲಿನ ಹಲಗೆಯಲ್ಲಿ ಸಾಲಾಗಿ ಜೋಡಿಸಿಕೊಂಡಿದ್ದೆ. ರೀಡಿನ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಎಲ್ಲವೂ ಅರ್ಧ ಕೆರೆದ ಸ್ಥಿತಿಯಲ್ಲಿದ್ದವು. ಹಲಗೆ ಓರೆಯಾದರೆ ಯಾವುದು ಯಾವ ಸ್ವರದ ಮನೆಯದೆಂದು ಮತ್ತೆ ಮೊದಲಿನಿಂದ ಹುಡುಕಬೇಕು.

“ಈ ಒಂದು ಸ್ವರ ಮುಗಿಸಿ ಏಳ್ತೀನಿ” ಎಂದೆ.

“ನಿಮ್ ಸಂಗೀತ ಕೇಳಕ್ಕೆ ಬಂದಿಲ್ಲ ಕಣ್ರೀ, ಏಳ್ರೀ ಮೇಲೆ” ಎಂದು ಅಧಿಕಾರಿ ಹಲಗೆಗೆ ಕೈಹಾಕಿದರು.

ಆ ಹೊತ್ತಿಗೆ ನಾನು ಕವೆಯನ್ನು ತಟ್ಟಿ ಎತ್ತಿಯಾಗಿತ್ತು. ಅದು ಅವರ ಮಣಿಕಟ್ಟಿನ ಮೂಳೆಗೆ ತಗುಲಿತು. ಕಂಪಿಸುವ ಕವೆ ಮೂಳೆಗೆ ತಗುಲಿದರೆ ಜುಮ್ಮೆನ್ನುತ್ತದೆ. ಅಭ್ಯಾಸವಿಲ್ಲದವರಿಗೆ ಕರೆಂಟು ಹೊಡೆದಂತೆ. ಅವರು ಹೌಹಾರಿ ಹಿಂದೆ ಸರಿದರು, ಚರಂಡಿಯ ಕಲ್ಲಿಗೆ ಎಡವಿ ನೆಲಕ್ಕೆ ಕುಳಿತರು. ಸುತ್ತಲಿದ್ದವರು ನಕ್ಕರು. ಆ ನಗೆ ಏಳದಿದ್ದರೆ ದೂರು ದಾಖಲಾಗುತ್ತಿರಲಿಲ್ಲವೆಂದು ಇಂದಿಗೂ ನನ್ನ ಅಭಿಪ್ರಾಯ.

ಪೇದೆಯೊಬ್ಬ ನನ್ನ ತೋಳು ಹಿಡಿದು ಎಳೆದಾಗ ಮೆಕ್ಯಾನಿಕ್ ಓಡಿಬಂದು ನಡುವೆ ಕೈಯಿಟ್ಟ. “ವಯಸ್ಸಾದೋರು ಸಾರ್, ನಾನೇ ಎಬ್ಬಿಸ್ತೀನಿ ಬುಡಿ.” ಅವನು ಆಡಿದ್ದು ಇಷ್ಟೇ. ದೂರಿನಲ್ಲಿ ಅವನು ಎರಡನೆಯ ಆರೋಪಿ.

ಠಾಣೆಯಲ್ಲಿ ಬಂಧನದ ಮೆಮೊಗೆ ಸಹಿ ಮಾಡಿಸಿದರು, ಬೆರಳಚ್ಚು ತೆಗೆದುಕೊಂಡರು, ಮನೆಯವರಿಗೆ ಫೋನು ಮಾಡಲು ಬಿಟ್ಟರು. ನನ್ನನ್ನು ಗೌರವದಿಂದಲೇ ಕಂಡರೆಂದು ಹೇಳಬೇಕು. ನರೆತ ತಲೆಗೆ ಅಷ್ಟು ಉಪಯೋಗವಿದೆ. ಮೆಕ್ಯಾನಿಕ್‌ನ ತಲೆ ಇನ್ನೂ ಕಪ್ಪಗಿತ್ತು. ಗಲಾಟೆಯನ್ನು ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು. ಹಾಗೆ ಹಿಡಿದವನು ಇವನೇ ಎಂದು ತೀರ್ಮಾನಿಸಿ ಪಕ್ಕದ ಕೋಣೆಗೆ ಕರೆದೊಯ್ದರು.

ಅಲ್ಲಿಂದ ಒಂದು ಸದ್ದು ಕೇಳಿತು. ಅಂಗೈ ಕೆನ್ನೆಯ ಮೇಲೆ ಬಿದ್ದರೆ ಸದ್ದು ಚಪ್ಪಟೆಯಾಗಿರುತ್ತದೆ. ಕಿವಿಯ ಕುಳಿಯ ಮೇಲೆ ಬಿದ್ದರೆ ಒಳಗೆ ಗಾಳಿ ಸಿಕ್ಕಿಕೊಂಡು, ಊದಿದ ಕಾಗದದ ಚೀಲ ಒಡೆದಂತೆ ಕೇಳಿಸುತ್ತದೆ. ನನಗೆ ಕೇಳಿಸಿದ್ದು ಎರಡನೆಯದು. ಹೊರಗೆ ಬಂದಾಗ ಅವನ ಮೈಮೇಲೆ ಒಂದು ಗೀರೂ ಇರಲಿಲ್ಲ. ಆದರೆ ನಾನು ಎಡಕ್ಕೆ ಕುಳಿತು ಮಾತಾಡಿಸಿದಾಗ ಅವನು ಇಡೀ ಮುಖವನ್ನು ತಿರುಗಿಸಿ ಬಲಗಿವಿ ಕೊಟ್ಟ. ಗಾಡಿ ನೂರು ಹೆಜ್ಜೆ ದೂರದಲ್ಲಿರುವಾಗಲೇ ಸದ್ದು ಹಿಡಿದು “ಟ್ಯಾಪೆಟ್ ಲೂಸಾಗ್ಬುಟ್ಟದೆ” ಎನ್ನುತ್ತಿದ್ದವನು. ಅವನ ಅನ್ನ ಆ ಎರಡು ಕಿವಿಗಳಲ್ಲಿತ್ತು.

ನ್ಯಾಯಾಧೀಶರ ಮುಂದೆ ನಿಲ್ಲಿಸುವ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸುವುದು ನಿಯಮ. ಜೀಪಿನಲ್ಲಿ ಜೊತೆಗೆ ಕುಳಿತಿದ್ದ ಪೇದೆ ನಮಗೆ ಹಿತವಚನ ಹೇಳಿದ. ಬೆದರಿಕೆಯ ದನಿಯೇ ಅಲ್ಲ, ಮದುವೆ ಮನೆಯಲ್ಲಿ ಬಸ್ಸಿನ ದಾರಿ ಹೇಳುವವನ ದನಿ.

“ಡಾಕ್ಟ್ರು ಗಾಯ ಇದ್ಯಾ ಅಂತ ಕೇಳ್ತಾರೆ. ಇದೆ ಅಂದ್ರೆ ಆ ಪರೀಕ್ಷೆ, ಈ ಪರೀಕ್ಷೆ, ಇನ್ನೊಂದ್ ದಿನ ನಮ್ ಜೊತೇಲೇ ಇರ್ತೀರಿ. ಇಲ್ಲ ಅಂದ್ರೆ ಈವತ್ತೇ ಜಡ್ಜ್ ಸಾಹೇಬ್ರ ಮುಂದೆ. ನಿಮ್ಮಿಷ್ಟ.”

ಆಸ್ಪತ್ರೆಯಲ್ಲಿ ಮೆಕ್ಯಾನಿಕ್ ಇಲ್ಲವೆಂದ. ನ್ಯಾಯಾಲಯದಲ್ಲಿ, ಪೊಲೀಸರಿಂದ ಏನಾದರೂ ತೊಂದರೆಯಾಯಿತೇ ಎಂದು ನ್ಯಾಯಾಧೀಶರು ತಲೆಯೆತ್ತಿ ಕೇಳಿದರು. ಅವರು ಕೇಳಿದ್ದರಲ್ಲಿ ಲೋಪವಿರಲಿಲ್ಲ. “ಇಲ್ಲ ಸ್ವಾಮಿ” ಎಂದ. ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಪಾದವನ್ನು ತುಳಿದ. ನನಗೆ ನೋವಾಯಿತು, ಸುಮ್ಮನಾದೆ. ನಮ್ಮಿಬ್ಬರನ್ನೂ ನ್ಯಾಯಾಂಗ ಬಂಧನಕ್ಕೆ ಒಪ್ಪಿಸಲಾಯಿತು.

ಜೈಲಿನ ದೊಡ್ಡ ಬಾಗಿಲಿನಲ್ಲಿ ಒಂದು ಸಣ್ಣ ಬಾಗಿಲು. ತಲೆ ಬಗ್ಗಿಸದೆ ಒಳಹೋಗಲಾಗದು. ಒಳಗೆ ಹೊಸಬರನ್ನು ಜೋಡಿ ಜೋಡಿಯಾಗಿ ಕುಕ್ಕರುಗಾಲಿನಲ್ಲಿ ಕೂರಿಸುತ್ತಾರೆ. ಎಣಿಸಲು ಅದು ಸುಲಭ. ಹೆಸರು, ತಂದೆಯ ಹೆಸರು, ಎತ್ತರ, ತೂಕ, ಮೈಮೇಲಿನ ಗುರುತು, ಕ್ಯಾಮೆರಾದ ಮುಂದೆ ಮುಖ. ಉಡಿದಾರದಿಂದ ಹಿಡಿದು ಎಲ್ಲವನ್ನೂ ತಡವಿ ನೋಡಿದರು. ನನ್ನ ಜಪಸರವನ್ನು ಗೇಟಿನ ಕಾವಲುಗಾರ ಎಳೆದೆಳೆದು ಪರೀಕ್ಷಿಸಿದ.

“ದಾರ ಗಟ್ಟಿ ಅದೆ. ಒಳಗ್ ಬುಡಂಗಿಲ್ಲ ತಾತ. ದೇವ್ರನ್ನ ಬಾಯಲ್ಲೇ ಎಣಿಸ್ಕೊಳಿ. ಯಾವ್ ಕೇಸು?”

“ಸರ್ಕಾರಿ ಕೆಲಸಕ್ಕೆ ಅಡ್ಡಿ.”

“ಈ ವಯಸ್ಸಲ್ಲಿ ಏನ್ ಅಡ್ಡಿ ಮಾಡುದ್ರಿ?”

“ಕೂತಿದ್ದೆ.”

“ಕೂತಿದ್ದಕ್ಕಾ? ಅಂಗಾದ್ರೆ ಅರ್ಧ ಆಫೀಸು ಒಳಗಿರಬೇಕಿತ್ತಲ್ಲ ತಾತ!”

ಅವನೇ ನನಗೆ ಒಂದು ಉಪಯುಕ್ತ ಸಂಗತಿಯನ್ನೂ ಹೇಳಿದ. ಜೈಲಿನ ವೈದ್ಯರು ಹೊಸಬರನ್ನು ನೋಡುತ್ತಾರೆ. ಆಸ್ಪತ್ರೆಯ ಚೀಟಿಯಲ್ಲಿಲ್ಲದ ಹೊಸ ಗಾಯ ಕಂಡರೆ ಜೈಲು ಆ ಮನುಷ್ಯನನ್ನು ಒಳಗೆ ತೆಗೆದುಕೊಳ್ಳುವುದಿಲ್ಲ. ಕರೆತಂದ ಪೊಲೀಸರೇ ಮತ್ತೆ ಆಸ್ಪತ್ರೆಗೆ ಒಯ್ಯಬೇಕು. ಅಂದರೆ ಆ ವೈದ್ಯರ ಮೇಜೇ ಕೊನೆಯ ಗಡಿ. ಅದನ್ನು ದಾಟಿದ ಮೇಲೆ ಅವನ ಕಿವಿಗೆ ಏನೂ ಆಗಿಲ್ಲವೆಂಬುದು ಸ್ಥಿರವಾಗುತ್ತದೆ.

ವೈದ್ಯರು ನನ್ನ ರಕ್ತದೊತ್ತಡ ನೋಡಿ ಮುಗಿಸಿದಾಗ ನಾನು ಹೇಳಿದೆ: “ಇವನ ಎಡಗಿವಿಗೆ ಪೆಟ್ಟು ಬಿದ್ದಿದೆ. ದಯವಿಟ್ಟು ಒಳಗೆ ಬೆಳಕು ಹಾಕಿ ನೋಡಿ.”

ಬಾಗಿಲ ಬಳಿ ನಮ್ಮನ್ನು ಒಪ್ಪಿಸಿದ ರಸೀತಿಗಾಗಿ ಕಾಯುತ್ತಿದ್ದ ಪೇದೆಗಳು ಇತ್ತ ತಿರುಗಿದರು. ವೈದ್ಯರು ಪೆನ್ನು ಕೆಳಗಿಟ್ಟು ಮೆಕ್ಯಾನಿಕ್‌ನನ್ನು ಕೇಳಿದರು: “ಏನಪ್ಪ, ಹೌದಾ?”

“ಏನಿಲ್ಲ ಸಾರ್” ಎಂದು ಅವನು ನಕ್ಕ. “ನಮ್ ಯಜಮಾನ್ರು ದಿನಾ ಕೆಟ್ಟಿರೋ ಪೆಟ್ಟಿಗೆ ರಿಪೇರಿ ಮಾಡ್ತಾರೆ. ಅವರ್ಗೆ ಎಲ್ರೂ ಕೆಟ್ಟೋಗಿರಂಗೇ ಕಾಣ್ತಾರೆ.”

ಪೇದೆಗಳೂ ನಕ್ಕರು. ವೈದ್ಯರು ನಗಲಿಲ್ಲ. ಅವರಿಗೆ ತಿಳಿಯದೆ ಇರಲಿಲ್ಲ; ಆ ಮೇಜಿನ ಹಿಂದೆ ಕುಳಿತವರಿಗೆ ಎಷ್ಟು ಜನರ ‘ಇಲ್ಲ’ ಕೇಳಿ ಅಭ್ಯಾಸವಾಗಿರಬೇಕು. “ನೀನು ಹೇಳಿದ್ರೆ ನಾನು ಬರೀತೀನಿ. ನೀನೇ ಹೇಳ್ಬೇಕು” ಎಂದರು. ಅವನು ಮತ್ತೆ ಇಲ್ಲವೆಂದ. ‘ಗಾಯಗಳಿಲ್ಲ’ ಎಂದು ಬರೆದರು.

ಹೊಸಬರು ಬ್ಯಾರಕ್ಕಿಗೆ ಹೋಗುವ ಮೊದಲು ತೊಟ್ಟಿಯ ಬಳಿ ತಲೆಗೆ ಸ್ನಾನ ಮಾಡಬೇಕೆಂಬ ಪದ್ಧತಿ ಅಲ್ಲಿತ್ತು. ನೀರಿಗೆ ಕುಳಿತಾಗ ನನ್ನ ತಲೆಯಲ್ಲಿ ಇನ್ನೂ ‘ಗಾಯಗಳಿಲ್ಲ’ ಎಂಬ ಆ ಸಾಲೇ ಕೊರೆಯುತ್ತಿತ್ತು. ಪಕ್ಕದಲ್ಲಿ ಅವನು ಚೆಂಬಿನ ಮೇಲೆ ಚೆಂಬು ಸುರಿದುಕೊಂಡು, ತಲೆಯನ್ನು ಎಡಕ್ಕೆ ವಾಲಿಸಿ ಕೊಡವಿದ. ಅದನ್ನು ಕಣ್ಣಾರೆ ಕಂಡೆ. ಕಂಡದ್ದರ ಅರ್ಥ ಆಗ ಹೊಳೆಯಲಿಲ್ಲ.

ಜೈಲಿನ ಬಗ್ಗೆ ನಾನು ಕೇಳಿದ್ದ ಕತೆಗಳು ಎರಡು ಬಗೆಯವು. ಒಂದರಲ್ಲಿ ಅದು ನರಕ, ಇನ್ನೊಂದರಲ್ಲಿ ಬಿಟ್ಟಿ ಊಟದ ಮಾವನ ಮನೆ. ಎರಡನ್ನೂ ನಂಬಬೇಡಿ. ನಾನು ಕಂಡದ್ದು ಒಂದು ಕಾಯುವ ಜಾಗ. ಎಣಿಕೆಗೆ ಕಾಯುವುದು, ಮುದ್ದೆ ಸಾರಿಗೆ ಕಾಯುವುದು, ಹೆಸರು ಕೂಗುತ್ತಾರೇನೋ ಎಂದು ಕಾಯುವುದು. ಸಂಜೆಯ ಬೆಳಕು ಇನ್ನೂ ಇರುವಾಗಲೇ ಬಾಗಿಲಿಗೆ ಬೀಗ ಬೀಳುತ್ತದೆ. ಹೊರಗೆ ಹಕ್ಕಿಗಳು ಗೂಡಿಗೆ ಬರುವ ಮೊದಲೇ ಮನುಷ್ಯರನ್ನು ಗೂಡಿಗೆ ಸೇರಿಸಿರುತ್ತಾರೆ.

ಬೀಗ ಬಿದ್ದ ಮೇಲೆ ನಾನು ಅವನ ಕಿವಿಯನ್ನು ಪರೀಕ್ಷಿಸಿದೆ. ಕವೆಯಿರಲಿಲ್ಲ, ಕೊಟ್ಟ ಸ್ಟೀಲ್ ಲೋಟಗಳಿದ್ದವು. ಒಂದು ಲೋಟದ ಬುಡವನ್ನು ಎರಡು ಬೆರಳಲ್ಲಿ ಹಿಡಿದು, ಅದರ ಅಂಚಿಗೆ ಇನ್ನೊಂದನ್ನು ತಾಗಿಸಿ, ನುಡಿಯುತ್ತಿರುವಾಗಲೇ ಅವನ ಎಡಗಿವಿಯ ಮುಂದೆ ಹಿಡಿದೆ.

“ಏನ್ ಕೇಳ್ತು?”

“ಏನಿಲ್ಲ. ಒಳಗೆ ಒಂದೇ ಸಮ ಕುಯ್ ಅಂತದೆ, ಅಷ್ಟೇ.”

ಮತ್ತೆ ತಾಗಿಸಿ, ಈ ಸಲ ಲೋಟದ ಬುಡವನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿದೆ. ಅವನ ಕಣ್ಣು ಅಗಲವಾದವು.

“ಬಂತು! ಯಜಮಾನ್ರೇ, ಬಂತು ಬಂತು!”

“ಏನ್ ತಾತ, ದೆವ್ವ ಬುಡುಸ್ತಿದ್ದೀರಾ?” ಎಂದು ಗೋಡೆಯ ಪಕ್ಕ ಒರಗಿದ್ದವನೊಬ್ಬ ಕೂಗಿದ. “ನಂಗೂ ಒಂದ್ ಲೋಟ ಇಡಿ, ಜಾಮೀನ್ ಬಂತಾ ಕೇಳ್ತದೇನೋ!” ಬ್ಯಾರಕ್ಕೆಲ್ಲ ನಕ್ಕಿತು. ಮೆಕ್ಯಾನಿಕ್ ಕೂಡ ನಕ್ಕ. ಒಳಗಿನ ನರ ಚೆನ್ನಾಗಿದೆ, ಕಿವಿಯ ತಮಟೆ ಮಾತ್ರ ಹರಿದಿದೆ ಎಂದು ನಾನು ಅವನಿಗೆ ವಿವರಿಸಿದೆ. ಗಾಳಿಯಲ್ಲಿ ಬರುವ ಸದ್ದು ಅಲ್ಲಿ ನಿಲ್ಲುತ್ತದೆ, ಮೂಳೆಯಲ್ಲಿ ಬರುವುದು ಒಳಗೆ ಹೋಗುತ್ತದೆ. ಇಂಥದ್ದು ತಾನಾಗಿ ಕೂಡಿಕೊಳ್ಳುವುದುಂಟು, ನೀರು ಮಾತ್ರ ಸೋಕಬಾರದು.

ಹೇಳಿದ ಮೇಲೆ ಇಬ್ಬರಿಗೂ ತೊಟ್ಟಿಯ ಬಳಿಯ ಸ್ನಾನ ನೆನಪಾಯಿತು.

ಮರುದಿನ ಕಿವಿಯಿಂದ ನೀರಿನಂಥದ್ದು ಒಸರತೊಡಗಿತು. ಮಧ್ಯಾಹ್ನದ ಹೊತ್ತಿಗೆ ಅದಕ್ಕೆ ವಾಸನೆ ಬಂತು, ಮೈ ಬಿಸಿಯಾಯಿತು. ಆ ದಿನವೇ ಸಂದರ್ಶನದ ಜಾಲರಿಯಾಚೆ, ಮನೆಯವರು ನಮ್ಮಿಬ್ಬರಿಗಾಗಿ ಗೊತ್ತುಮಾಡಿದ್ದ ವಕೀಲೆಯೂ ಅವನ ಹೆಂಡತಿಯೂ ಬಂದು ನಿಂತರು.

“ನಾಳೆ ಜಾಮೀನು ಅರ್ಜಿ ಬರುತ್ತೆ ಅಂಕಲ್” ಎಂದರು ವಕೀಲೆ. “ಸರ್ಕಾರದ ಕಡೆಯ ವಕೀಲರು ತಕರಾರು ಮಾಡಲ್ಲ ಅಂತ ಬಾಯಿ ಮಾತಲ್ಲಿ ಒಪ್ಪಿದಾರೆ. ಹೊಡೆದ್ರು ಅನ್ನೋದನ್ನ ಈಗ ಎತ್ತಬೇಡಿ.”

“ಕಿವಿ ಸೋರ್ತಿದೆಯಮ್ಮ.”

“ಹೊರಗೆ ಬಂದ ತಕ್ಷಣ ಡಾಕ್ಟರಿಗೆ ತೋರಿಸೋಣ.”

“ಹೊರಗೆ ಬಂದ್ಮೇಲೆ ಅದು ಹೊರಗೆ ಆದ ಗಾಯ ಆಗೋಗುತ್ತೆ.”

ಅವನ ಹೆಂಡತಿ ಅಲ್ಲಿಯವರೆಗೆ ಗಂಡನ ಕಿವಿಯನ್ನೇ ನೋಡುತ್ತಿದ್ದಳು. ಈಗ ನನ್ನತ್ತ ತಿರುಗಿದಳು. “ಒಂದ್ ಸ್ಟೂಲು ಯಜಮಾನ್ರೇ. ಒಂದ್ ಸ್ಟೂಲಿಂದ ನೀವ್ ಎದ್ದಿದ್ರೆ ಮುಗ್ದೋಗ್ತಿತ್ತು. ಈಗ್ಲಾದ್ರೂ ಬಾಯ್ ಮುಚ್ಕೊಂಡ್ ಇರ್ತೀರಾ?”

ನನಗಿಂತ ಕಿರಿಯರು ಯಾರೂ ಹಾಗೆ ಮಾತಾಡಿದ್ದಿಲ್ಲ. ಅವಳ ಮಾತಿನಲ್ಲಿ ತಿದ್ದುವಂಥದ್ದು ಏನೂ ಸಿಗಲಿಲ್ಲ.

ಆ ಸಂಜೆ ಮೆಕ್ಯಾನಿಕ್ ಗೋಡೆಗೆ ಬಲಗಿವಿ ಒತ್ತಿ ಮಲಗಿದ್ದ. ಬೆಳಿಗ್ಗೆ ಎಣಿಕೆಯ ಹೊತ್ತಿಗೆ ಅವನಿಗೆ ನೆಟ್ಟಗೆ ನಿಲ್ಲಲಾಗುತ್ತಿರಲಿಲ್ಲ, ತಲೆ ಸುತ್ತುತ್ತಿತ್ತು. ಜೈಲರ್‌ಗೆ ಹೇಳೋಣವೆಂದೆ. ಅವನು ನನ್ನ ಮುಂಗೈ ಹಿಡಿದ, ಕೈ ಸುಡುತ್ತಿತ್ತು.

“ದಮ್ಮಯ್ಯ ಅಂತೀನಿ. ಈವತ್ತೊಂದ್ ದಿನ. ಸಂಜೆ ಮನೇಲಿರ್ತೀನಿ. ಇದು ನನ್ ಕಿವಿ ಯಜಮಾನ್ರೇ, ನಿಮ್ದಲ್ಲ.”

ಎಲ್ಲರೂ ಜೋಡಿ ಜೋಡಿಯಾಗಿ ಕುಕ್ಕರುಗಾಲಿನಲ್ಲಿ ಕುಳಿತರು. ನಾನು ಕೂರಲಿಲ್ಲ. ಅಂದು ಸ್ಟೂಲಿನಿಂದ ಏಳದವನು ಇಂದು ನೆಲಕ್ಕೆ ಕೂರದೆ ನಿಂತೆ. ಎಣಿಕೆ ತಪ್ಪಿತು, ಜೈಲರ್ ಹತ್ತಿರ ಬಂದರು. ಇವನಿಗೆ ಜ್ವರವಿದೆ, ಠಾಣೆಯಲ್ಲಿ ಬಿದ್ದ ಪೆಟ್ಟಿನಿಂದ ಕಿವಿ ಹರಿದು ಕೀವಾಗಿದೆ, ಆಸ್ಪತ್ರೆಗೆ ಕಳಿಸಬೇಕು ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಅವನ ಜ್ವರಕ್ಕೆ ಹೆದರಿ ಹೇಳಿದೆನೋ, ಕಾಗದದ ಮೇಲೆ ಕುಳಿತಿದ್ದ ಆ ಸುಳ್ಳು ಸಾಲನ್ನು ಸಹಿಸಲಾರದೆ ಹೇಳಿದೆನೋ, ಎಷ್ಟು ಪರೀಕ್ಷಿಸಿಕೊಂಡರೂ ನನಗೆ ಖಚಿತವಾಗಿಲ್ಲ.

ಜೈಲರ್ ತಡಮಾಡಲಿಲ್ಲ. ಕೈದಿಯ ಪ್ರಾಣಕ್ಕೆ ಅವರು ಹೊಣೆ. ಆದರೆ ಆಸ್ಪತ್ರೆಗೆ ಒಯ್ಯಲು ಬೆಂಗಾವಲು ಪೊಲೀಸರು ಹೊರಗಿನಿಂದ ಬರಬೇಕು. ಅವರು ಬರುವವರೆಗೂ ಅವನು ಗೇಟಿನ ಬಳಿ ಕಂಬಕ್ಕೆ ಒರಗಿ ಕಾದ. ನನ್ನತ್ತ ಒಮ್ಮೆಯೂ ನೋಡಲಿಲ್ಲ. ಅವನನ್ನು ಕರೆದೊಯ್ದ ಮೇಲೆ ನಮ್ಮಿಬ್ಬರಿಗೂ ಜಾಮೀನಾಯಿತೆಂದು ಸುದ್ದಿ ಬಂತು. ವಕೀಲೆ ಹೆದರಿದ್ದ ತಕರಾರು ಬರಲಿಲ್ಲ. ಬಿಡುಗಡೆಯ ಆದೇಶ ಸಂಜೆಯ ಬೀಗಕ್ಕೆ ಮೊದಲೇ ಜೈಲು ತಲುಪಿತು. ನನ್ನ ಹೆಸರು ಕೂಗಿದರು, ಹೊರಬಂದೆ. ಅವನ ಹೆಸರನ್ನೂ ಕೂಗಿದರು. ಅವನು ಆಸ್ಪತ್ರೆಯ ವಾರ್ಡಿನಲ್ಲಿ ಕಾವಲಿನಲ್ಲಿದ್ದ. ಜೈಲಿಗೆ ಮರಳಿ, ಗೇಟಿನ ಲೆಕ್ಕ ಮುಗಿಸದೆ ಬಿಡುಗಡೆಯಿಲ್ಲ. ಗೇಟಿನ ಹೊರಗೆ ಅವನ ಹೆಂಡತಿ ಬಟ್ಟೆಯ ಚೀಲ ಹಿಡಿದು ನಿಂತಿದ್ದಳು. ಸಣ್ಣ ಬಾಗಿಲಿನಿಂದ ನಾನೊಬ್ಬನೇ ಬಗ್ಗಿ ಬಂದದ್ದನ್ನು ಕಂಡು, ನನ್ನ ಬೆನ್ನ ಹಿಂದೆ ಇನ್ನೊಬ್ಬರು ಬರುತ್ತಾರೇನೋ ಎಂದು ಇಣುಕಿದಳು.

ಅವನು ಬಿಡುಗಡೆಯಾದದ್ದು ಮಾರನೆಯ ಸಂಜೆ. ಆಸ್ಪತ್ರೆಯ ವೈದ್ಯರು ಕಿವಿ ತೊಳೆದು ಒಳ್ಳೆಯ ಔಷಧವನ್ನೇ ಕೊಟ್ಟಿದ್ದರು. ಪ್ರಕರಣದ ಕಾಗದಗಳ ಜೊತೆ ಆಸ್ಪತ್ರೆಯ ಟಿಪ್ಪಣಿಯನ್ನೂ ವಕೀಲೆ ನನಗೆ ತೋರಿಸಿದರು: ‘ಬಾಲ್ಯದಿಂದ ಕಿವಿ ಸೋರುವಿಕೆ.’ ಯಾರು ಬರೆಸಿದ್ದೆಂದು ರೇಗಿದೆ.

“ಯಾರೂ ಬರೆಸಿಲ್ಲ ಅಂಕಲ್. ಅವರೇ ಹೇಳಿದ್ದು. ಪೊಲೀಸರು ಪಕ್ಕದಲ್ಲಿ ನಿಂತಿದ್ರಂತೆ. ಹೆಂಗೂ ಮನೆಗೆ ಹೋಗೋದು ತಪ್ಪೋಯ್ತು, ಇನ್ನೊಂದು ಕೇಸು ಯಾಕೆ ಅಂದ್ರು.”

ಮೊದಲಿದ್ದ ಸಾಲು ಗಾಯವಿಲ್ಲವೆಂದಿತ್ತು. ನನ್ನ ಹಟದಿಂದ ಅದಕ್ಕಿಂತ ಗಟ್ಟಿಯಾದ ಇನ್ನೊಂದು ಸಾಲು ಸಿಕ್ಕಿತು: ಗಾಯಕ್ಕೆ ಈಗ ಬಾಲ್ಯದಿಂದ ಇತಿಹಾಸವಿದೆ, ಸಾಕ್ಷಿ ಹೇಳಿದವನು ಗಾಯಗೊಂಡವನೇ.

ತಗಡಿನ ಮಳಿಗೆಗಳು ಹೋದವು. ಒಳರಸ್ತೆಯಲ್ಲಿ ಕಾರು ನಿಲ್ಲಿಸುವ ಜಾಗವೊಂದನ್ನು ಅದರ ಮಾಲೀಕರು ಎರಡು ಪಾಲು ಮಾಡಿ ಬಾಡಿಗೆಗೆ ಕೊಟ್ಟಿದ್ದಾರೆ. ಒಂದರಲ್ಲಿ ನಾನು, ಇನ್ನೊಂದರಲ್ಲಿ ಅವನು. ಬೇರೆ ಜಾಗ ಇಬ್ಬರಿಗೂ ಸಿಗಲಿಲ್ಲ. ಪ್ರಕರಣ ನಡೆಯುತ್ತಿದೆ. ವಾಯಿದೆಯ ದಿನ ಇಬ್ಬರೂ ಬೇರೆ ಬೇರೆ ಬಸ್ಸಿನಲ್ಲಿ ಹೋಗಿ ಒಂದೇ ಬೆಂಚಿನಲ್ಲಿ ಕೂರುತ್ತೇವೆ. ಜಪ್ತಿಯಾದ ನನ್ನ ಕವೆ ಪ್ರಕರಣದ ಮುದ್ದೇಮಾಲಾಗಿ, ಕೊರಳಿಗೆ ಚೀಟಿ ಕಟ್ಟಿಸಿಕೊಂಡು, ಎಲ್ಲೋ ಕಪಾಟಿನಲ್ಲಿದೆ. ಸದ್ಯಕ್ಕೆ ಒಂದು ಹಳೆಯ ರೀಡನ್ನೇ ನಂಬಿ ಶ್ರುತಿ ಮಾಡುತ್ತಿದ್ದೇನೆ.

ಅವನ ಕಿವಿಯ ತಮಟೆ ಕೂಡಲಿಲ್ಲ. ದೂರದಿಂದ ಬರುವ ಗಾಡಿಯ ಕಾಯಿಲೆಯನ್ನು ಈಗ ಅವನು ಹೇಳುವುದಿಲ್ಲ. ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ, ಚಾಲೂ ಮಾಡಿ, ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಊರುತ್ತಾನೆ; ಹಿಡಿಯನ್ನು ಎಡಗಿವಿಯ ಹಿಂದಿನ ಮೂಳೆಗೆ ಒತ್ತಿ ಕಣ್ಣು ಮುಚ್ಚುತ್ತಾನೆ. ಲೋಟದ ಬುಡ ಇಟ್ಟಿದ್ದ ಜಾಗಕ್ಕೇ. ಮುಗಿದ ಮೇಲೆ ಬಲಗಿವಿ ರಸ್ತೆಗೂ ಎಡಗಿವಿ ನನ್ನ ಕಡೆಗೂ ಬರುವಂತೆ ಕೂರುತ್ತಾನೆ. ನಾನು ಕರೆದರೆ ತಿರುಗುವುದಿಲ್ಲ. ಕೇಳಿಸದೆಯೋ ಬೇಡವಾಗಿಯೋ, ನಾನು ಪರೀಕ್ಷಿಸಿಲ್ಲ.

ಮೊನ್ನೆ ರಾಮಕೃಷ್ಣನಗರದಿಂದ ಸ್ಕೂಟರು ತಂದಿದ್ದ ಗಿರಾಕಿಯೊಬ್ಬರು, ಅವನು ಹಾಗೆ ಸ್ಕ್ರೂಡ್ರೈವರ್ ಒತ್ತಿಕೊಂಡದ್ದನ್ನು ಕಂಡು, ಕಿವಿಗೆ ಏನಾಯಿತೆಂದು ಕೇಳಿದರು.

“ಹುಟ್ಟಿದಾಗ್ನಿಂದ ಇಂಗೇ ಸಾರ್” ಎಂದ, ನನಗೆ ಕೇಳುವಷ್ಟು ಜೋರಾಗಿ.

ನನ್ನ ತೊಡೆಯ ಮೇಲೆ ಹಲಗೆಯಿತ್ತು, ಕೈಯಲ್ಲಿ ಅರ್ಧ ಕೆರೆದ ರೀಡಿತ್ತು. ಗಿರಾಕಿ ನನ್ನ ಮುಖ ನೋಡಿದರು. ನಾನು ತಿದ್ದಲಿಲ್ಲ.